ಬರ್ತೇನೆ ಎಂಬ ತುಟಿಮಾತು

ಜನವರಿ 12, ಸೋಮವಾರ

ಸವಣೂರಿನ ಚರಿತ್ರೆಯಲ್ಲಿ ಇವತ್ತು ಮಹತ್ವದ ದಿನ. ಶ್ರೀಮತಿ ಪರಮೇಶ್ವರಿ, ವಯಸ್ಸು ನಲವತ್ತೆರಡು, ದಿನಚರಿ ಬರೆಯಲು ಕೂತಿದ್ದಾಳೆ. ದೊಡ್ಡ ಮನುಷ್ಯರು ಮುಂದಿನ ಪೀಳಿಗೆಗೆಂದು ಬರೆಯುತ್ತಾರಂತೆ. ನನ್ನ ಮುಂದಿನ ಪೀಳಿಗೆ ಒಂಬತ್ತನೇ ಕ್ಲಾಸಿನಲ್ಲಿದೆ, ಸಮನ್ವಿತಾ ಎಂದು ಹೆಸರು, ನಾನು ಬರೆದದ್ದನ್ನು ಓದುವಷ್ಟು ಪುರುಸೊತ್ತು ಅದಕ್ಕಿಲ್ಲ. ಆದ್ದರಿಂದ ಧೈರ್ಯವಾಗಿ ಬರೆಯಬಹುದು.

ಬರೆಯಲು ಕಾರಣ ಅನ್ನ. ಜಾಲ್ಸೂರಿನ ಶಾಲೆಯಲ್ಲಿ ಬೆಳಗಿನ ಕಾರ್ಯಕ್ರಮ ಮುಗಿಸಿ, ಬಸ್ಸು ಬದಲಿಸಿ, ಹಸಿದು ಮನೆಗೆ ಬಂದರೆ ಅನ್ನದ ಪಾತ್ರೆ ತೊಳೆದು ಕವುಚಿ ಹಾಕಿತ್ತು.

"ಅತ್ತೇ, ಊಟಕ್ಕೆ ಬರ್ತೇನೆ ಅಂತ ಹೇಳಿಯೇ ಹೋದದ್ದಲ್ವಾ ನಾನು?"

"ಹೇಳಿದ್ದಿ. ಯಾವತ್ತು ಹೇಳ್ಲಿಲ್ಲ ನೀನು? ನಿನ್ನ ಬರ್ತೇನೆ ನಂಬಿ ಅಕ್ಕಿ ಹಾಕಿದ್ರೆ ಮರುದಿನ ತಂಗಳು ತಿನ್ನುದು ನಾನು."

ನಾನು ಅವಲಕ್ಕಿ ಕಲಸಿಕೊಂಡು ಯೋಚಿಸಿದೆ. ತಪ್ಪು ನನ್ನದಲ್ಲ, ಊರಿನದ್ದು. ನಮ್ಮಲ್ಲಿ ಹೊರಡುವವರು 'ಹೋಗ್ತೇನೆ' ಅನ್ನಬಾರದು, ಅಪಶಕುನ. 'ಬರ್ತೇನೆ' ಅನ್ನಬೇಕು. ಹೋಗುವುದಕ್ಕೂ ಬರುವುದಕ್ಕೂ ಒಂದೇ ಮಾತು ಇಟ್ಟುಕೊಂಡ ಊರಿನಲ್ಲಿ ಮಾತಿನ ಮೇಲೆ ವಿಶ್ವಾಸ ಎಲ್ಲಿಂದ ಬರಬೇಕು? ನಾನಂತೂ ತಿಂಗಳಲ್ಲಿ ಇಪ್ಪತ್ತು ದಿನ ಹೊರಡುವವಳು. ಅಷ್ಟು ಸಲ 'ಬರ್ತೇನೆ' ಹೇಳಿದರೆ ಯಾವ ಮಾತೂ ಸವೆಯುತ್ತದೆ.

ನನ್ನ ಉದ್ಯೋಗ, ಮುಂದಿನ ಪೀಳಿಗೆಯ ಗಮನಕ್ಕೆ: ಮಾತನಾಡುವ ಗೊಂಬೆಯ ಕಾರ್ಯಕ್ರಮ. ಗೊಂಬೆಯ ತಲೆ ನಮ್ಮ ಹಿತ್ತಿಲಿನ ಹಲಸಿನ ಜಾತಿಯ ಜೀಗುಜ್ಜೆ ಕಾಯಿಯ ಹಾಗೇ ಗುಂಡಗೆ ಉಂಟು, ಹಾಗಾಗಿ ಹೆಸರೂ ಜೀಗುಜ್ಜೆ. ಅವನು ತೊಡೆಯ ಮೇಲೆ ಕೂತು ಬಾಯಿ ತೆರೆಯುತ್ತಾನೆ, ಮಾತು ನನ್ನ ಗಂಟಲಿನದ್ದು, ನನ್ನ ತುಟಿ ಅಲ್ಲಾಡಬಾರದು. ಇದರಲ್ಲಿ ಒಂದು ಗುಟ್ಟುಂಟು. ತುಟಿ ಮುಟ್ಟಿಸದೆ ಪ, ಬ, ಮ ಹೇಳಲು ಬ್ರಹ್ಮನಿಂದಲೂ ಆಗದು. ಮ ಬಂದಲ್ಲಿ ನ ಹಾಕಿ ದಾಟಿಸಬೇಕು. ಜೀಗುಜ್ಜೆ 'ಅಮ್ಮಾ' ಎಂದು ಕರೆದರೆ 'ಅನ್ನಾ' ಎಂದು ಕೇಳಿಸುತ್ತದೆ, ಪಾಪ ಹಸಿದಿದ್ದಾನೆ ಎಂದು ಮಕ್ಕಳು ಮರುಗುತ್ತಾರೆ. ಅವನಿಗೆ ನನ್ನ ಹೆಸರು ಹೇಳಲು ಬರುವುದಿಲ್ಲ, 'ಅಕ್ಕ' ಎಂದು ದಾಟಿಸುತ್ತಾನೆ. ಪುತ್ತೂರು, ಕಡಬ ಬರುವುದಿಲ್ಲ. 'ಬರ್ತೇನೆ' ಅಂತೂ ಮೊದಲಕ್ಷರಕ್ಕೇ ಮುಗ್ಗರಿಸುತ್ತದೆ.

ಆದರೆ 'ಆಗುದಿಲ್ಲ' ಎಂದು ಮಾತ್ರ ಎಷ್ಟು ಸ್ವಚ್ಛವಾಗಿ ಹೇಳುತ್ತಾನೆಂದರೆ, ಕೇಳುವವರಿಗೆ ಸಂತೋಷವಾಗುತ್ತದೆ.

ಜನವರಿ 17, ಶನಿವಾರ

ವಾಟ್ಸಪ್ಪಿನಲ್ಲಿ ಒಂದು ಫ್ಲೆಕ್ಸಿನ ಚಿತ್ರ ಬಂತು. ಕಡಬದ ಯುವಕ ಮಂಡಲದ ವಾರ್ಷಿಕೋತ್ಸವ. ನನ್ನ ಮುಖ ಆಳೆತ್ತರ, ಜೀಗುಜ್ಜೆಯದ್ದು ಅದಕ್ಕಿಂತ ದೊಡ್ಡದು. ಕೆಳಗೆ ಕೆಂಪಕ್ಷರ: 'ಖ್ಯಾತ ವೆಂಟಿಲೇಟರ್ ಕಲಾವಿದೆ ಪರಮೇಶ್ವರಿ ಸವಣೂರು ಮತ್ತು ಬಳಗ.' ನಮ್ಮ ವಿದ್ಯೆಯ ಇಂಗ್ಲಿಷ್ ಹೆಸರು 'ವೆಂಟ್ರಿಲಾಕ್ವಿಸಮ್' ಉದ್ದ, ಬರೆದವರು ಆಸ್ಪತ್ರೆಯಲ್ಲಿ ಕೇಳಿದ ಹತ್ತಿರದ ಹೆಸರನ್ನು ಹಾಕಿಬಿಟ್ಟಿದ್ದಾರೆ. ಸಮನ್ವಿತಾ ನೆಲದಲ್ಲಿ ಹೊರಳಿ ನಕ್ಕಳು. ನಾನೂ ನಗುತ್ತಿದ್ದೆ, ತಾರೀಖು ನೋಡುವವರೆಗೆ.

ಫೆಬ್ರವರಿ ಎಂಟು, ಆದಿತ್ಯವಾರ, ಸಂಜೆ.

ಮಂಡಲದ ಕಾರ್ಯದರ್ಶಿ ವಿಷ್ಣುಪ್ರಸಾದ್ ಅವರಿಗೆ ಫೋನ್ ಮಾಡಿದೆ. "ನಾನು ಯಾವಾಗ ಒಪ್ಪಿದ್ದು ಮಾರಾಯ್ರೆ?"

"ಎಂತ ಮೇಡಂ, ನಮ್ಮ ಮನೆಗೆ ಚಹಾಕ್ಕೆ ಬಂದಾಗ. ಎಂಟನೇ ತಾರೀಕು ಅಂದೆ, ನೀವು 'ಬರ್ತೇನೆ ಹಾಗಾದ್ರೆ' ಅಂದ್ರಿ!"

ಅವರು ತಾರೀಖು ಹೇಳುವಾಗ ನಾನು ಅವರ ಮೆಟ್ಟಿಲಿನ ಕೆಳಗೆ ಬಗ್ಗಿ ನಾಯಿ ಒಯ್ದ ಒಂದು ಚಪ್ಪಲಿ ಹುಡುಕುತ್ತಿದ್ದೆ. ನನ್ನ 'ಬರ್ತೇನೆ' ಚಪ್ಪಲಿ ಸಿಕ್ಕಿದ ಮೇಲಿನದ್ದು.

ಫೋನ್ ಇಡುವಷ್ಟರಲ್ಲಿ ಅತ್ತೆ ನೆನಪಿಸಿದರು: "ಎಂಟಕ್ಕೆ ಸುಳ್ಯದಲ್ಲಿ ಗಾನಶ್ರೀಯ ಹೊಸ ಮನೆ ಒಕ್ಕಲು. ನೀನು ಬರ್ತೇನೆ ಅಂದಿದ್ದಿ ಅಂತೆ." ಗಾನಶ್ರೀ ನನ್ನ ನಾದಿನಿ. ಹೌದು, ಮೊನ್ನೆ ಫೋನಿನಲ್ಲಿ ಏನೋ ಹೇಳುತ್ತಿದ್ದಳು, ನನಗೆ ಬಸ್ಸು ಬಂತು, "ಆಯ್ತು ಮಾರಾಯ್ತಿ, ಬರ್ತೇನೆ" ಎಂದು ಕಟ್ ಮಾಡಿದೆ. ಅವಳು ಆಮಂತ್ರಣದಲ್ಲೇ ಹಾಕಿಸಿದ್ದಾಳೆ: 'ಭೋಜನಾನಂತರ ಅತ್ತಿಗೆಯಿಂದ ಗೊಂಬೆ ಕಾರ್ಯಕ್ರಮ.'

ಮತ್ತೆ ಅದೇ ಎಂಟಕ್ಕೆ ಮಧ್ಯಾಹ್ನ ಪುತ್ತೂರಿನಲ್ಲಿ ನನ್ನ ಬಾಲ್ಯದ ಗೆಳತಿ ನಶೀದಾಳ ಮಗಳು ಶಹನಾಳ ಮದುವೆ. ರಂಝಾನ್ ಹಿಡಿಯುವ ಮೊದಲು ಮುಗಿಸಬೇಕೆಂದು ಇಟ್ಟುಕೊಂಡದ್ದು. ನಶೀದಾ ಹೇಳಿದಾಗ ನಾನು ಚಪ್ಪಲಿ ಹುಡುಕುತ್ತಿರಲಿಲ್ಲ, ಬಸ್ಸೂ ಬಂದಿರಲಿಲ್ಲ. ಆ 'ಬರ್ತೇನೆ' ನಿಜದ್ದು.

ಮೂರು 'ಬರ್ತೇನೆ'. ಎರಡು ಹೊರಡುವ ಜಾತಿಯವು, ಒಂದು ಬರುವ ಜಾತಿಯದ್ದು. ಹೊರಗಿನಿಂದ ನೋಡಿದರೆ ಮೂರಕ್ಕೂ ಒಂದೇ ಮುಖ.

ಜನವರಿ 19, ಸೋಮವಾರ

ಪುತ್ತೂರಿಗೆ ಹೋಗಿ ನಶೀದಾಳ ಟೈಲರಿಂಗ್ ಅಂಗಡಿಯಲ್ಲಿ ಕೂತೆ. ಪೀಠಿಕೆ ಹಾಕಿ ವಿಷಯ ಹೇಳುವುದೆಂದು ನನ್ನ ಯೋಜನೆ. ನಶೀದಾಳ ಹತ್ತಿರ ಪೀಠಿಕೆ ನಡೆಯುವುದಿಲ್ಲ. ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ನನ್ನ ವಿದ್ಯೆ ಹುಟ್ಟಿದ್ದೇ ಆ ಬೆಂಚಿನಲ್ಲಿ: ಅವಳು ಶಾಲೆಯ ಹಿಂದೆ ಪೇರಳೆ ಮರದಲ್ಲಿ, ಟೀಚರು ಇಲ್ಲಿ ಹಾಜರಿ ಕರೆಯುವುದು, ನಾನು ತುಟಿ ಅಲ್ಲಾಡಿಸದೆ ಅವಳ ಧ್ವನಿಯಲ್ಲಿ 'ಹಾಜರ್' ಅನ್ನುವುದು. 'ಹಾಜರ್' ಎಂಬ ಶಬ್ದಕ್ಕೆ ತುಟಿ ಬೇಡ. ಎರಡು ವರ್ಷ ಅವಳು ಮರದಲ್ಲಿದ್ದೇ ತೊಂಬತ್ತು ಪರ್ಸೆಂಟ್ ಹಾಜರಾಗಿದ್ದಳು.

"ಎಂಟಕ್ಕೆ ನಿನಗೆ ಇನ್ನೆಲ್ಲೆಲ್ಲ ಉಂಟು ಪಮ್ಮಿ? ಅದನ್ನು ಹೇಳ್ಲಿಕ್ಕೆ ಬಂದದ್ದಲ್ವಾ?" ಮಿಷನ್ನಿನಿಂದ ಕಣ್ಣೆತ್ತಲಿಲ್ಲ.

ಹೇಳಿದೆ.

"ನನ್ನ ಮನೆ ಒಕ್ಕಲಿಗೆ ಬರ್ತೇನೆ ಅಂದಿ. ಬರ್ಲಿಲ್ಲ. ಆಗ್ಲಿ ಅಂತ ಬಿಟ್ಟೆ. ನನ್ನ ಹೆತ್ತ ಉಮ್ಮ ಆಸ್ಪತ್ರೆಯಲ್ಲಿದ್ದಾಗ ಬರ್ತೇನೆ ಅಂದಿ. ಉಮ್ಮ ದಿನಾ ಕೇಳುದು, ಪಮ್ಮಿ ಬಂದ್ಳಾ, ಪಮ್ಮಿ ಬಂದ್ಳಾ ಅಂತ. ನೀನು ಬರುವಾಗ ಕೇಳ್ಲಿಕ್ಕೆ ಅವರಿರ್ಲಿಲ್ಲ."

"ಶೋ ಇತ್ತು ಮಾರಾಯ್ತಿ."

"ಶೋ ನಿನಗೆ ಯಾವತ್ತು ಇರ್ಲಿಲ್ಲ?"

ನನಗೂ ಸಿಟ್ಟು ಬಂತು. "ನೀನು ನನ್ನ ಒಂದೇ ಒಂದು ಶೋ ನೋಡಿದ್ದೀಯಾ? ಪುತ್ತೂರಿನಲ್ಲೇ ಎಷ್ಟು ಮಾಡಿದೆ! ಪ್ರತಿ ಸಲ ಬರ್ತೇನೆ ಬರ್ತೇನೆ ಅಂತಿ. ಮೊದಲ ಸಾಲಿನಲ್ಲಿ ಖಾಲಿ ಕುರ್ಚಿ ಇಡ್ಸಿ ಇಡ್ಸಿ ಸಾಕಾಯ್ತು ನನಗೆ."

ಮಿಷನ್ನು ಒಂದು ಇಡೀ ತೋಳು ಹೊಲಿಯುವವರೆಗೆ ಮಾತಾಡಿತು. ವಾತಾವರಣ ತಿಳಿಯಾಗಲಿ ಎಂದು ಚೀಲದಿಂದ ಜೀಗುಜ್ಜೆಯನ್ನು ತೆಗೆದೆ. ಅವನು ಕತ್ತು ತಿರುಗಿಸಿ, "ನಶೀದಾ, ಇಷ್ಟು ಸಿಟ್ಟಾ?" ಅಂದ. ಈ ಒಂದು ಹೆಸರು ಅವನ ಬಾಯಿಯಲ್ಲಿ ಮುತ್ತಿನ ಹಾಗೆ ಬರುತ್ತದೆ.

ನಶೀದಾ ನಗಲಿಲ್ಲ. "ಅವನನ್ನು ಚೀಲಕ್ಕೆ ಹಾಕು. ನಿನಗೆ ಕಷ್ಟದ ಮಾತು ಬಂದಾಗೆಲ್ಲ ಇವನನ್ನು ತೆಗೀತಿ. ಶಹನಾ ಹೇಳಿದ್ದಾಳೆ, ನಾನು ಗಂಡನ ಮನೆಗೆ ಹೊರಡುವವರೆಗೆ ಪಮ್ಮಿ ಆಂಟಿ ನನ್ನ ಹತ್ರ ಇರ್ಬೇಕು ಅಂತ. ಉಂಡು ಕೈ ತೊಳೆದು ಓಡುದಾದ್ರೆ ಬರ್ಲೇ ಬೇಡ. ಈ ಸಲವೂ ಆಗದಿದ್ರೆ, ಮತ್ತೆ ಈ ಅಂಗಡಿಯ ಮೆಟ್ಟಿಲು ಹತ್ಬೇಡ."

ಎದ್ದೆ. ಬಾಗಿಲು ದಾಟುವಾಗ ಅಭ್ಯಾಸಬಲದಿಂದ ಬಾಯಿ ತಾನಾಗಿಯೇ, "ಸರಿ, ಬರ್ತೇನೆ" ಎಂದಿತು.

ಮಿಷನ್ನು ನಿಂತಿತು. "ನೋಡು. ಈಗ್ಲೂ."

ಜನವರಿ 21, ಬುಧವಾರ

ಯುದ್ಧತಂತ್ರ ಸಿದ್ಧ. ನಸುಕಿಗೆ ಸುಳ್ಯ, ಹಾಲು ಉಕ್ಕಿದ ಕೂಡಲೇ ಪುತ್ತೂರು, ಒಂದು ತುತ್ತು ಬಾಯಿಯಲ್ಲಿರುವಾಗಲೇ ಸುಳ್ಯಕ್ಕೆ ವಾಪಸ್, ಗೊಂಬೆ ಆಡಿಸಿ ಅಲ್ಲಿಂದ ಕಡಬ. ದೊಡ್ಡ ದೊಡ್ಡ ಸೇನಾಪತಿಗಳೂ ಒಂದೇ ದಿನ ಮೂರು ಪೇಟೆ ಗೆದ್ದದ್ದಿಲ್ಲ.

ಗಂಡನಿಗೆ ವಿವರಿಸಿದೆ. ಶ್ರೀರಾಮರು ಪಂಪ್‌ಸೆಟ್ ರಿಪೇರಿಯವರು, ಮಾತಿನಲ್ಲಿ ಮಿತವ್ಯಯಿ. ಪೂರ್ತಿ ಕೇಳಿ, "ಹೂಂ. ಶಹನಾ ಹೊರಡುವಾಗ ನೀನು ಎಲ್ಲಿ?" ಎಂದರು.

ಕಡಬದ ದಾರಿಯಲ್ಲಿ.

ಸೇನಾಪತಿ ಮಲಗಲು ಹೋದಳು.

ಜನವರಿ 23, ಶುಕ್ರವಾರ

ಇವತ್ತು ಜೀಗುಜ್ಜೆಯನ್ನು ರಾಯಭಾರಿಯಾಗಿ ಕಳಿಸಿದೆ. ನನ್ನ ಬಾಯಿಗೆ 'ಆಗುದಿಲ್ಲ' ಬರುವುದಿಲ್ಲ, ಅವನ ಬಾಯಿಗೆ ಅದೇ ಬರುವುದು. ಇಷ್ಟು ಸುಲಭದ ಉಪಾಯ ಮೊದಲೇ ಹೊಳೆಯಲಿಲ್ಲವಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ವಿಷ್ಣುಪ್ರಸಾದರಿಗೆ ವೀಡಿಯೊ ಕಾಲ್ ಮಾಡಿದೆ. ಪರದೆಯ ತುಂಬ ಜೀಗುಜ್ಜೆ.

"ಆಗುದಿಲ್ಲ! ಎಂಟಕ್ಕೆ ಆಗುದೇ ಇಲ್ಲ! ಅಕ್ಕನಿಗೆ ಅಂದು ಗೆಳತಿಯ ಕಡೆ ಊಟ ಉಂಟು!"

ಆಚೆ ನಗುವೋ ನಗು. ಒಬ್ಬರದ್ದಲ್ಲ, ಇಡೀ ಮಂಡಲದ್ದು. ಸ್ಪೀಕರಿಗೆ ಹಾಕಿದ್ದರು.

"ಮೇಡಂ, ಸೂಪರ್! ಇದನ್ನೇ ಓಪನಿಂಗ್ ಇಡುವ! ಇನ್ನೊಮ್ಮೆ ಹೇಳ್ಸಿ!"

ಇನ್ನೊಮ್ಮೆ ಹೇಳಿಸಿದೆ. ಮತ್ತೂ ಜೋರು ನಕ್ಕರು. ಸಂಜೆಗೆ ಹೊಸ ಪೋಸ್ಟರ್ ಬಂತು: 'ಬನ್ನಿ, ನೋಡಿ, ನಕ್ಕು ಸುಸ್ತಾಗಿ! ಆಗುದಿಲ್ಲ ಎನ್ನುವ ಗೊಂಬೆ!' ವೆಂಟಿಲೇಟರ್ ಹಾಗೇ ಉಂಟು.

ಗೊಂಬೆ ಇಲ್ಲ ಅಂದರೆ ಹಾಸ್ಯ. ಇಪ್ಪತ್ತು ವರ್ಷ ನಾನೇ ಜನರಿಗೆ ಹಾಗೆ ಕಲಿಸಿದ್ದು. ಈಗ ಯಾರನ್ನು ಬೈಯಲಿ?

ಜನವರಿ 26, ಸೋಮವಾರ

ನೆಲ್ಯಾಡಿಯ ಶಾಲೆಯಲ್ಲಿ ಗಣರಾಜ್ಯೋತ್ಸವದ ಕಾರ್ಯಕ್ರಮ. ನಡುವಿನಲ್ಲಿ ಜೀಗುಜ್ಜೆಯ ದವಡೆಯ ದಾರ ಪಟ್ಟೆಂದು ಕಡಿಯಿತು. ಬಾಯಿ ಅಷ್ಟಗಲ ತೆರೆದು ಹಾಗೇ ನಿಂತಿತು. ಮಕ್ಕಳು ಮುಖ್ಯ ಅತಿಥಿಗಳ ಭಾಷಣ ಕೇಳಿ ಹಾಗಾಯಿತೆಂದು ತಿಳಿದು ಚಪ್ಪಾಳೆ ಹೊಡೆದರು.

ಬಸ್ಸಿನಲ್ಲಿ ಬರುವಾಗ ಪಕ್ಕದ ಹೆಂಗಸು ಚೀಲದಿಂದ ಇಣುಕುವ ಮುಖ ನೋಡಿ, "ಮಗುವಿಗೆ ಶೀತವಾ?" ಎಂದು ಕೇಳಿದರು. ಹೌದು ಎಂದೆ.

ಜನವರಿ 28, ಬುಧವಾರ

ಜೀಗುಜ್ಜೆ ಇವರ ಪಂಪ್‌ಸೆಟ್ ಅಂಗಡಿಯಲ್ಲಿ ದಾಖಲಾಗಿದ್ದಾನೆ. ದವಡೆ ಪೂರ್ತಿ ಬಿಚ್ಚಿ ಒಂದು ತಟ್ಟೆಯಲ್ಲಿ ಇಟ್ಟಿದ್ದಾರೆ. ದಾರ ಬೇಡ, ಸೈಕಲ್ಲಿನ ಬ್ರೇಕ್ ಕೇಬಲ್ ಹಾಕುತ್ತೇನೆ ಅನ್ನುತ್ತಾರೆ. ನನ್ನ ಮಗನ ಬಾಯಿಗೆ ಬ್ರೇಕು! ಬೇಡವೆಂದೆ. ಬ್ರೇಕಲ್ಲ, ಕೇಬಲ್ ಮಾತ್ರ ಎಂದರು. ದಾರವೇ ಮೆತ್ತಗೆ, ಬೆರಳಿಗೆ ಅದರ ಅಭ್ಯಾಸ ಉಂಟು ಎಂದೆ. "ಹೂಂ" ಎಂದರು, ಕೇಬಲ್ ಅಳೆಯಲು ಶುರು ಮಾಡಿದರು. ಈ ವಿಷಯದಲ್ಲಿ ಇಡೀ ಮಧ್ಯಾಹ್ನ ವಾಗ್ವಾದ. ಅಂತೂ ಕೇಬಲ್ ಗೆದ್ದಿತು.

ನಡುವೆ ನಾನು ಮನೆಗೆ ಬಂದಾಗ ಗಾನಶ್ರೀ ಫೋನ್ ಮಾಡಿದ್ದಳು. ಊಟದ ನಂತರ ಗೊಂಬೆಗೆ ಎಷ್ಟು ಹೊತ್ತು ಬೇಕು, ಶಾಮಿಯಾನದಲ್ಲಾ, ಚಾವಡಿಯಲ್ಲಾ ಎಂದು ಕೇಳಿದಳು. "ಗಾನಶ್ರೀ, ಬೆಳಿಗ್ಗೆ ಹಾಲು ಉಕ್ಕಿಸುವಾಗ ನಿನ್ನ ಪಕ್ಕದಲ್ಲೇ ಇರ್ತೇನೆ. ಗೊಂಬೆ ಆಗುದಿಲ್ಲ, ಊಟಕ್ಕೂ ನಿಲ್ಲುದಿಲ್ಲ. ನಶೀದಾಳ ಮಗಳ ಮದುವೆ" ಎಂದೆ. ಅವಳು, "ಕಾರ್ಡಲ್ಲಿ ಹಾಕ್ಸಿ ಆಯ್ತಲ್ಲ ಅತ್ತಿಗೆ" ಎಂದಳು. "ಹೌದು, ಪಾಪ" ಎಂದೆ. ನನಗೆ ದವಡೆಯದ್ದೇ ಚಿಂತೆ.

ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಎಂತ ಅತ್ತೆ ಎಂದರೆ, "ಅಲ್ಲ, 'ಆಗುದಿಲ್ಲ' ಹೇಳುವವನು ಅಂಗಡಿಯಲ್ಲಿ ಇದ್ದಾನಲ್ಲ ಅಂತ ನೋಡಿದೆ" ಎಂದು ಒಳಗೆ ಹೋದರು. ವಯಸ್ಸಾದವರ ಮಾತಿಗೆ ತಲೆಬುಡ ಕೇಳಬಾರದು.

ಜನವರಿ 30, ಶುಕ್ರವಾರ

ಕಡಬಕ್ಕೆ ಬಸ್ಸಿನಲ್ಲಿ ಹೋಗಿಬಂದೆ. ಮಡಿಲು ಖಾಲಿ ಖಾಲಿ, ಟಿಕೆಟ್ಟನ್ನೇ ಹಿಡಿದುಕೊಂಡು ಕೂತೆ. ವಿಷ್ಣುಪ್ರಸಾದರ ಮನೆಯ ಚಹಾಕ್ಕೆ ಸಕ್ಕರೆ ಜಾಸ್ತಿ. ನಾಯಿ ಈ ಸಲ ಚಪ್ಪಲಿಯ ತಂಟೆಗೆ ಬರಲಿಲ್ಲ.

ವಿಷಯ ಹೇಳಿದೆ. ಎಂಟಕ್ಕೆ ಆಗುದಿಲ್ಲ, ನಾನು ಚಪ್ಪಲಿ ಹುಡುಕಿ ಹೋಗುವಾಗ ಹೇಳಿದ್ದನ್ನು ನೀವು ಬರುವುದೆಂದು ತಿಳಿದಿರಿ, ನಾನು ಆವತ್ತೇ ಸರಿಪಡಿಸಬೇಕಿತ್ತು, ಅದು ನನ್ನ ತಪ್ಪು ಎಂದೆ.

ಅವರು ನಗಲು ತಯಾರಾಗಿ ನನ್ನ ಚೀಲ ಹುಡುಕಿದರು. "ಗೊಂಬೆ ಎಲ್ಲಿ ಮೇಡಂ?"

"ರಿಪೇರಿಗೆ."

"ಮತ್ತೆ ಈಗ ಮಾತಾಡಿದ್ದು?"

"ನಾನೇ."

ಅವರ ನಗು ದಾರಿಯಲ್ಲೇ ನಿಂತಿತು. "ಫ್ಲೆಕ್ಸ್ ಕಟ್ಟಿ ಆಯ್ತಲ್ಲ ಮಾರಾಯ್ರೆ! ನಾಲ್ಕು ಊರಿನಲ್ಲಿ! ಈಗ ನಾನು ಹುಡುಗರಿಗೆ ಎಂತ ಹೇಳುದು? ಇನ್ನು ನಿಮ್ಮನ್ನು ಕಡಬದವರು ಕರೆಯುದುಂಟಾ?"

ಕರೆಯದಿದ್ದರೆ ಇಲ್ಲ. ಹೊರಡುವಾಗ ಒಂದು ಸಂಕಟವಾಯಿತು. ಏನು ಹೇಳಿ ಹೊರಡುವುದು? 'ಹೋಗ್ತೇನೆ' ಅನ್ನಬಾರದು. 'ಬರ್ತೇನೆ' ಅಂದರೆ ಮತ್ತೊಂದು ಫ್ಲೆಕ್ಸ್. ಕೈ ಮುಗಿದು, ಬಾಯಿ ಮುಚ್ಚಿ, ಮೆಟ್ಟಿಲಿಳಿದೆ.

ಫೆಬ್ರವರಿ 2, ಸೋಮವಾರ

ಕಡಬದಲ್ಲಿ ನನ್ನ ಬದಲು ಒಂದು ಡ್ಯಾನ್ಸ್ ತಂಡ ಗೊತ್ತಾಗಿದೆಯಂತೆ. ನನ್ನ ಮುಖದ ಮೇಲೆ ಅವರ ಮುಖ ಅಂಟಿಸಿದ್ದಾರಂತೆ. ಜೀಗುಜ್ಜೆಯ ಒಂದು ಕಿವಿ ಇನ್ನೂ ಹೊರಗೆ ಕಾಣುತ್ತದಂತೆ.

ಆ ಕಿವಿ ನೆನೆದು ಸ್ವಲ್ಪ ಕಣ್ಣೀರು ಹಾಕಿದೆ. ಬರೆದು ಹೊಡೆದುಹಾಕಬೇಕು ಅಂದುಕೊಂಡೆ. ಇರಲಿ.

ಫೆಬ್ರವರಿ 8, ಆದಿತ್ಯವಾರ

ಸುಳ್ಯ. ಹಾಲು ಉಕ್ಕಿತು. ಗಾನಶ್ರೀಯ ಪಕ್ಕದಲ್ಲೇ ನಿಂತಿದ್ದೆ, ಸೆರಗಿನಿಂದ ಅವಳ ಹಣೆಯ ಬೆವರು ಒರೆಸಿದೆ. ತಿಂಡಿಯಾಗಿ ಹೊರಡುವಾಗ ಯಾರೋ ಚಿಕ್ಕಮ್ಮ, "ಓ ಹೊರಟಳು! ಕಾರ್ಡಲ್ಲಿ ಗೊಂಬೆ ಅಂತ ಹಾಕಿ ಈಗ ಗೊಂಬೆಯೂ ಇಲ್ಲ, ಅತ್ತಿಗೆಯೂ ಇಲ್ಲ" ಎಂದು ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, ಬಾಳೆಲೆ ಒರೆಸುತ್ತ, ತಲೆಯೆತ್ತದೆ ಹೇಳಿದರು: "ಅವಳು ಇಷ್ಟು ಹೊತ್ತು ಇರ್ತೇನೆ ಅಂತ ಮೊದಲೇ ಹೇಳಿದ್ದಾಳೆ. ಹೇಳಿದಷ್ಟು ಇದ್ದಾಳೆ. ಇವತ್ತು ಬಾರದ ನಿನ್ನ ಸೊಸೆ ಹಾಗೆ ಹೇಳಿದ್ದಾಳಾ?"

ಚಿಕ್ಕಮ್ಮನಿಗೆ ಕೂಡಲೇ ಪಾಯಸದ ಕಡೆ ಕೆಲಸ ಬಂತು.

ಪುತ್ತೂರು. ಮದುವೆ ಮಂಟಪದ ಬಾಗಿಲಲ್ಲಿ ನಶೀದಾ. ಹೊಸ ಶಾಲು, ಕೊರಳಿನಲ್ಲಿ ಮರೆತು ಬಿಟ್ಟ ಅಳತೆ ಟೇಪು. ನನ್ನ ಮುಖ ನೋಡಲಿಲ್ಲ, ಭುಜ ನೋಡಿದಳು, ಬೆನ್ನ ಹಿಂದೆ ನೋಡಿದಳು.

"ಅವನೆಲ್ಲಿ?"

"ಮನೆಯಲ್ಲಿ."

"ಎಷ್ಟು ಗಂಟೆಗೆ ಓಡುದು?"

"ಓಡುದಿಲ್ಲ."

ನಶೀದಾ ಟೇಪು ತೆಗೆದು ನನ್ನ ಕೊರಳಿಗೆ ಹಾಕಿ ಒಳಗೆ ಎಳೆದುಕೊಂಡು ಹೋದಳು.

ಅಲ್ಲಿದ್ದ ಮಕ್ಕಳೆಲ್ಲ ಗೊಂಬೆ ಎಲ್ಲಿ ಎಂದು ಮುತ್ತಿಗೆ ಹಾಕಿದವು. ಇವತ್ತು ಅವನಿಗೆ ರಜೆ ಎಂದೆ. ಮತ್ತೆ ನೀವು ಯಾಕೆ ಬಂದದ್ದು ಎಂದು ಒಂದು ಪೋರಿ ಕೇಳಿತು. ಊಟಕ್ಕೆ ಎಂದೆ. ಅದಕ್ಕೆ ಸಮಾಧಾನವಾಯಿತು. ಎಷ್ಟೋ ವರ್ಷದ ನಂತರ ಒಂದು ಮದುವೆಯಲ್ಲಿ ನಾನು ಕುರ್ಚಿಯಲ್ಲಿ ಕೂತೆ. ಸ್ಟೇಜಿನಿಂದ ನೋಡಿದರೆ ಜನ ಒಂದು ಗುಂಪು, ಕುರ್ಚಿಯಿಂದ ನೋಡಿದರೆ ಒಬ್ಬೊಬ್ಬರಿಗೂ ಮುಖ ಉಂಟು.

ಎಲ್ಲರಿಗೂ ನೈಚೋರು ಎಂಬ ತುಪ್ಪದ ಅನ್ನ, ಕೋಳಿ. ಕೋಳಿ ತಿನ್ನದ ನನ್ನನ್ನು ನಶೀದಾ ಬದಿಯ ಕೋಣೆಗೆ ಕರೆದುಕೊಂಡು ಹೋದಳು. ಒಂದು ಮೇಜು, ಒಂದೇ ಬಾಳೆಲೆ, ಹೊರಗಿನಿಂದ ತರಿಸಿದ ಅನ್ನ, ಸಾರು, ಪಲ್ಯ. ಲೋಟ ಮುಚ್ಚಿಟ್ಟ ಕಾಗದದ ಮೇಲೆ 'ಪಮ್ಮಿ'.

"ನಾನು ಬರ್ತೇನೆ ಅಂತ ನಿನಗೆ ನಂಬಿಕೆ ಇರ್ಲಿಲ್ಲ ಅಲ್ವಾ?"

"ಇರ್ಲಿಲ್ಲ."

"ಮತ್ತೆ ಇದು?"

"ನಂಬಿಕೆ ಬೇರೆ, ಎಲೆ ಬೇರೆ. ಉಣ್ಣು."

ಉಂಡೆ. ಉಪ್ಪು ಸ್ವಲ್ಪ ಜಾಸ್ತಿಯಾಯಿತು, ಅಡುಗೆಯವರ ತಪ್ಪಲ್ಲ. "ನಿನ್ನ ಉಮ್ಮನ ಹತ್ರ ಬರ್ಬೇಕಿತ್ತು ನಶೀದಾ" ಎಂದೆ. "ಬರ್ಬೇಕಿತ್ತು" ಎಂದಳು. ಪಲ್ಯ ಇನ್ನೊಂದು ಸೌಟು ಹಾಕಿದಳು.

ಸಂಜೆಯವರೆಗೆ ಶಹನಾಳ ಪಕ್ಕದಲ್ಲಿ ಕೂತೆ. ಫೋಟೋಗಳಲ್ಲಿ ಎಲ್ಲ ಕಡೆ ನಾನಿದ್ದೇನೆ. ಫೋಟೋಗ್ರಾಫರು ಒಮ್ಮೆ, "ಆಂಟಿ ಸ್ವಲ್ಪ ಬದಿಗೆ" ಎಂದ. ಶಹನಾ, "ಅವರು ಬದಿಗೆ ಹೋಗುದಿಲ್ಲ" ಎಂದಳು. ಕಾರು ಬಂದು ನಿಂತು, ಹುಡುಗಿಯ ತುಟಿ ನಡುಗಲು ಶುರುವಾದಾಗ ಅವಳು ಸುತ್ತ ಹುಡುಕಿ, ಕಣ್ಣು ಒರೆಸಿಕೊಂಡು, ಟೀಚರ ಹಾಗೆ ಗಟ್ಟಿಯಾಗಿ ಕರೆದಳು: "ಪಮ್ಮಿ ಆಂಟಿ!" ಬೆಂಚಿನ ಕಥೆ ಅವಳಿಗೆ ಗೊತ್ತುಂಟು.

"ಹಾಜರ್!" ಎಂದೆ. ಇಡೀ ಬಾಯಿ ತೆರೆದು, ಕಾರಿನ ಡ್ರೈವರು ಬೆಚ್ಚಿಬೀಳುವಷ್ಟು.

ಶಹನಾ ನಕ್ಕಳು. ನಗುತ್ತಲೇ ಹೋದಳು. ಹಿಂದೆ ನಶೀದಾ ನನ್ನ ಕೈ ಹಿಡಿದುಕೊಂಡಿದ್ದಳು, ಬಳೆ ಒತ್ತಿದ ಗುರುತು ಇನ್ನೂ ಉಂಟು.

ಫೆಬ್ರವರಿ 10, ಮಂಗಳವಾರ

ವಿಷ್ಣುಪ್ರಸಾದರ ಫೋನು. ಡ್ಯಾನ್ಸ್ ಚೆನ್ನಾಗಿಯೇ ಆಯಿತಂತೆ. ಆದರೆ ಮಕ್ಕಳು ಫ್ಲೆಕ್ಸಿನಲ್ಲಿ ಉಳಿದ ಆ ಒಂದು ಕಿವಿಯನ್ನು ಹಿಡಿದು, ಗೊಂಬೆ ಎಲ್ಲಿ, ಗೊಂಬೆ ಎಲ್ಲಿ ಎಂದು ತಲೆ ತಿಂದವಂತೆ.

"ಹದಿನಾಲ್ಕಕ್ಕೆ ನಮ್ಮ ವಾಲಿಬಾಲ್ ಫೈನಲ್. ಸಂಜೆ ಇಟ್ಟುಕೊಳ್ಳುವ. ಮೇಡಂ, ಈ ಸಲ ಸರಿಯಾಗಿ ಹೇಳಿ. ಚಪ್ಪಲಿ ಕಾಲಲ್ಲೇ ಉಂಟಲ್ಲ?"

"ಕಾಲಲ್ಲೇ ಉಂಟು. ಬರ್ತೇನೆ."

ಜೀಗುಜ್ಜೆ ಆಸ್ಪತ್ರೆಯಿಂದ ಮನೆಗೆ ಬಂದ. ಬ್ರೇಕ್ ಕೇಬಲಿನ ದವಡೆ ಬೆಣ್ಣೆಯ ಹಾಗೆ ಓಡುತ್ತದೆ. ದಾರಕ್ಕಿಂತ ಒಳ್ಳೆಯದು. ಇವರಿಗೆ ಹೇಳಲಿಲ್ಲ, ಸೊಕ್ಕು ಬರುತ್ತದೆ.

ಫೆಬ್ರವರಿ 14, ಶನಿವಾರ

ಕಡಬದ ಮೈದಾನದಲ್ಲಿ ಕೂರಲು ಜಾಗ ಇಲ್ಲದೆ ಜನ ವಾಲಿಬಾಲ್ ಕಂಬಕ್ಕೂ ಒರಗಿ ನಿಂತಿದ್ದರು. ಮೊದಲ ಸಾಲಿನಲ್ಲಿ ಎಂದಿನ ಹಾಗೆ ಒಂದು ಕುರ್ಚಿ ಖಾಲಿ ಇಡಿಸಿದ್ದೆ. ಪರದೆಯ ಸಂದಿನಿಂದ ನೋಡಿದರೆ ಅದು ಖಾಲಿ ಇರಲಿಲ್ಲ.

ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಪರೀಕ್ಷೆಗೆ ಬಂದವಳ ಹಾಗೆ ನೆಟ್ಟಗೆ ಕೂತಿದ್ದಳು ನಶೀದಾ. ಆಚೆ ಇವರು, ಸಮನ್ವಿತಾ, ಅತ್ತೆ. ಅತ್ತೆ ನನ್ನ ಕಾರ್ಯಕ್ರಮಕ್ಕೆ!

ಪರದೆ ಸರಿಯಿತು, ಕೇಬಲ್ ಎಳೆದೆ. ಜೀಗುಜ್ಜೆ ನೇರ ಅವಳ ಮೇಲೆಯೇ ಬಿದ್ದ:

"ಎದುರು ಕೂತ ಅಕ್ಕ ಯಾರು? ಓ, ನಶೀದಾ! ಇಷ್ಟು ಕಾಲ ಎಲ್ಲಿದ್ರಿ? ಈಗ ದಾರಿ ಸಿಕ್ಕಿತಾ?"

ಜನ ಗೊಳ್ಳೆಂದರು. ಬೇರೆಯವರಾಗಿದ್ದರೆ ನಾಚಿ ಸೆರಗಿನಲ್ಲಿ ಮುಖ ಮುಚ್ಚುತ್ತಿದ್ದರು. ನಶೀದಾ ಎದ್ದು ನಿಂತಳು.

"ದಾರಿ ಸಿಕ್ಕಿತು ಮಾರಾಯ. ಶಹನಾ ಗಂಡನನ್ನು ಕರ್ಕೊಂಡು ನಾಡಿದ್ದು ಊಟಕ್ಕೆ ಬರ್ತಾಳೆ, ನೀನೂ ಬರ್ತೀಯಾ? 'ಬರ್ತೇನೆ' ಅಂತ ಹೇಳು ನೋಡುವ!"

ಇಡೀ ಜಿಲ್ಲೆಯಲ್ಲಿ ನನ್ನ ಗುಟ್ಟು ಗೊತ್ತಿರುವವಳು ಅವಳೊಬ್ಬಳೇ, ಅದನ್ನೇ ಮೈದಾನದಲ್ಲಿ ಕೇಳಿದಳು! ಜನ, "ಹೇಳು, ಹೇಳು" ಎಂದು ಕೂಗಿದರು. ಜೀಗುಜ್ಜೆ ಅವಳನ್ನು ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ತಲೆಯಾಡಿಸಿದ.

"ಆಗುದಿಲ್ಲ. ಆ ಅಕ್ಷರ ನನ್ನದಲ್ಲ, ಅಕ್ಕನದ್ದು. ಅಕ್ಕನಲ್ಲೇ ಕೇಳಿ."

ಅವನ ಬಾಯಿ ಮುಚ್ಚಿ, ಮೈಕನ್ನು ನನ್ನ ಕಡೆಗೆ ಎಳೆದುಕೊಂಡೆ. "ಬರ್ತೇನೆ" ಎಂದೆ. ಬ ಎಷ್ಟು ಜೋರಾಗಿ ಒಡೆಯಿತೆಂದರೆ ಮೈಕು ಡಬ್ ಎಂದಿತು, ಹಿಂದಿನ ಸಾಲಿನವರಿಗೂ ನನ್ನ ತುಟಿ ಕಂಡಿತು. ಒಬ್ಬ ಹುಡುಗ, "ಓ! ಈಗ ಹೇಳಿದ್ದು ಅವರೇ!" ಎಂದು ಕಿರುಚಿದ.

ಚಪ್ಪಾಳೆ ನಿಲ್ಲಲಿಲ್ಲ. ಇಪ್ಪತ್ತು ವರ್ಷದಲ್ಲಿ ತುಟಿ ಅಲ್ಲಾಡಿಸಿ ಸಿಕ್ಕಿದ ಚಪ್ಪಾಳೆ ಇದೊಂದೇ. ಮುಗಿದ ಮೇಲೆ ನಶೀದಾ ಬಂದು, "ಚೆನ್ನಾಗುಂಟು ಮಾರಾಯ್ತಿ ನಿನ್ನ ಶೋ. ಅವನ ಅಂಗಿಯ ತೋಳು ಮಾತ್ರ ಅಳತೆ ಸರಿಯಿಲ್ಲ, ಬಿಚ್ಚಿ ಕೊಡು" ಎಂದಳು.

ಈಗ ಅವನು ಬನಿಯನ್ನಿನಲ್ಲಿ ಕೂತಿದ್ದಾನೆ.

ಫೆಬ್ರವರಿ 17, ಮಂಗಳವಾರ

ನಿನ್ನೆ ನಶೀದಾಳ ಮನೆಯಲ್ಲಿ ಉಂಡೆ. ಜೀಗುಜ್ಜೆಗೆ ಹೊಸ ಅಂಗಿ, ತೋಳು ಸರಿಯಾಗಿದೆ.

ಈಗ ಮಡಿಕೇರಿಗೆ ಹೊರಟೆ, ಅಲ್ಲಿ ಎರಡು ಶಾಲೆಯಲ್ಲಿ ಕಾರ್ಯಕ್ರಮ. ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ. ಬರೆಯುವಂಥದ್ದು ಏನೂ ನಡೆದಿಲ್ಲ. ಹೊಸಿಲು ದಾಟುವಾಗ ಎಂದಿನ ಹಾಗೆ, "ಅತ್ತೇ, ಬರ್ತೇನೆ" ಎಂದೆ.

ಅತ್ತೆ ಒಳಗಿನಿಂದ, "ಯಾವಾಗ?"

"ಗುರುವಾರ ಮಧ್ಯಾಹ್ನ. ಊಟಕ್ಕೆ."

ಅತ್ತೆ ಹೊರಗೆ ಬಂದು ಚೀಲದಿಂದ ಇಣುಕುವ ಜೀಗುಜ್ಜೆಯನ್ನು ನೋಡಿದರು, ಮತ್ತೆ ನನ್ನನ್ನು. "ಹೇಳಿದ್ದು ಯಾರು, ಅವನಾ, ನೀನಾ?"

"ನಾನು ಅತ್ತೆ. ಅವನಿಗೆ ಅದು ಹೇಳ್ಲಿಕ್ಕೆ ಬರುದಿಲ್ಲ."

"ಹಾಗಾದ್ರೆ ಅಕ್ಕಿ ಹಾಕ್ತೇನೆ."